ಬೆನ್ನು ನೋವಿಗೆ ನೆಲದ ಮೇಲೆ ಮಲಗುವುದು, ಬೆಲ್ಟ್, ಪೂರ್ತಿ ವಿಶ್ರಾಂತಿಯೇ ಮದ್ದೇ? ದಿನಚರಿಯಲ್ಲಿ ನಿಜಕ್ಕೂ ಬದಲಿಸಬೇಕಾದ್ದೇನು?

"ಬೆನ್ನು ನೋವಾ? ಹಾಸಿಗೆ ಬಿಟ್ಟು ನೆಲದ ಮೇಲೆ ಮಲಗಿ. ಬಗ್ಗಲೇಬೇಡಿ. ಸೊಂಟಕ್ಕೆ ಬೆಲ್ಟ್ ಕಟ್ಟಿ. 21 ದಿನದಲ್ಲಿ ನೋವು ಮಾಯ. ಹತ್ತು ಜನರಿಗೆ ಕಳಿಸಿ."

ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕಳಿಸಿದವರ ಉದ್ದೇಶ ಒಳ್ಳೆಯದೇ. ಆದರೆ ಇದರಲ್ಲಿರುವ ಬಹುಪಾಲು ಸಲಹೆಗಳು ಹಳೆಯವು. ಕೆಲವು ನೋವನ್ನು ಕಡಿಮೆ ಮಾಡುವ ಬದಲು ವರ್ಷಗಟ್ಟಲೆ ಉಳಿಸುವಂಥವು. ಹಾಗಾದರೆ ದೀರ್ಘಕಾಲದ ಬೆನ್ನು ನೋವಿಗೆ ಏನು ಮಾಡಬೇಕು, ಏನು ಬಿಡಬೇಕು? ಒಂದೊಂದಾಗಿ ನೋಡೋಣ.

ಒಂದೇ ನಿಮಿಷದಲ್ಲಿ ಹೇಳುವುದಾದರೆ

• ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ ಬೆನ್ನು ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ.
• ಬಹುಪಾಲು ಜನರಲ್ಲಿ ಅದರ ಹಿಂದೆ ಅಪಾಯಕಾರಿ ಕಾಯಿಲೆ ಇರುವುದಿಲ್ಲ.
• ಮಲಗಿಯೇ ಇರುವುದು ಮದ್ದಲ್ಲ. ನಿಧಾನವಾಗಿ ಹೆಚ್ಚಿಸುತ್ತ ಹೋಗುವ ನಡಿಗೆ, ವ್ಯಾಯಾಮ, ಒಳ್ಳೆಯ ನಿದ್ದೆ ಮತ್ತು ಕೆಲಸದ ರೀತಿಯಲ್ಲಿ ಸಣ್ಣ ಬದಲಾವಣೆ, ಇವೇ ಹೆಚ್ಚು ಉಪಯೋಗಕ್ಕೆ ಬರುವಂಥವು.
• ಕೆಲವು ಲಕ್ಷಣಗಳಿದ್ದರೆ ಮಾತ್ರ ಒಂದು ದಿನವೂ ಕಾಯಬಾರದು. ಅವುಗಳ ಪಟ್ಟಿ ಲೇಖನದ ಕೊನೆಯ ಭಾಗದಲ್ಲಿದೆ.

ಇದು ಎಷ್ಟು ದೊಡ್ಡ ಸಮಸ್ಯೆ?

ಜಗತ್ತಿನಲ್ಲಿ ಜನರ ದಿನನಿತ್ಯದ ಓಡಾಟ, ಕೆಲಸಗಳಿಗೆ ಅಡ್ಡಿ ಮಾಡುವ ಕಾರಣಗಳಲ್ಲಿ ಸೊಂಟದ ಭಾಗದ ನೋವಿಗೆ ಮೊದಲ ಸ್ಥಾನ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಸುಮಾರು 61.9 ಕೋಟಿ ಜನರಿಗೆ ಈ ನೋವಿತ್ತು. 2050ರ ಹೊತ್ತಿಗೆ ಇದು 84.3 ಕೋಟಿ ತಲುಪಬಹುದು ಎಂಬ ಅಂದಾಜಿದೆ. 2023ರ ಡಿಸೆಂಬರ್‌ನಲ್ಲಿ ಸಂಸ್ಥೆ ದೀರ್ಘಕಾಲದ ಸೊಂಟ ನೋವಿಗಾಗಿಯೇ ಒಂದು ಮಾರ್ಗಸೂಚಿ ಹೊರಡಿಸಿತು.

ಆ ಮಾರ್ಗಸೂಚಿಯಲ್ಲಿ ಮುಖ್ಯವಾಗಿ ಹೇಳಿರುವುದು ಇಷ್ಟು: ರೋಗಿಗೆ ನೋವಿನ ಬಗ್ಗೆ ಸರಿಯಾದ ತಿಳಿವಳಿಕೆ ಕೊಡಬೇಕು, ವ್ಯಾಯಾಮ ಮಾಡಿಸಬೇಕು, ಕೆಲವರಿಗೆ ಮಸಾಜ್‌ನಂಥ ಕೈಚಿಕಿತ್ಸೆ, ಮನಸ್ಸಿಗೆ ಸಂಬಂಧಿಸಿದ ಚಿಕಿತ್ಸೆ ನೆರವಾಗಬಹುದು. ಸೊಂಟದ ಬೆಲ್ಟ್, ಟ್ರ್ಯಾಕ್ಷನ್ (ತೂಕ ಕಟ್ಟಿ ಎಳೆಯುವುದು), ಓಪಿಯಾಯ್ಡ್ ಗುಂಪಿನ ಬಲವಾದ ನೋವು ನಿವಾರಕಗಳನ್ನು ಎಲ್ಲರಿಗೂ ವಾಡಿಕೆಯಂತೆ ಕೊಡಬಾರದು. ಅಂದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವ ಹಲವು ಉಪಾಯಗಳು ಬೇಡದವುಗಳ ಪಟ್ಟಿಯಲ್ಲಿವೆ.

ನೋವು ಎಲ್ಲಿಂದ ಬರುತ್ತದೆ?

ಬೆನ್ನುಮೂಳೆ ಒಂದರ ಮೇಲೊಂದು ಜೋಡಿಸಿದ ಮೂಳೆಗಳ ಸರ. ಸೊಂಟದ ಭಾಗದಲ್ಲಿ ಇಂಥ ಐದು ಮೂಳೆಗಳಿವೆ. ಮೂಳೆಗಳ ನಡುವೆ ಮೆತ್ತೆಯಂತೆ ಡಿಸ್ಕ್‌ಗಳಿರುತ್ತವೆ. ಸುತ್ತ ಸ್ನಾಯು, ಬಂಧಕ, ಸಣ್ಣ ಕೀಲು, ನರಗಳು. ಇವುಗಳಲ್ಲಿ ಯಾವುದರಿಂದ ಬೇಕಾದರೂ ನೋವು ಬರಬಹುದು. ಬಹಳಷ್ಟು ಸಲ ಇಂಥದ್ದೇ ಜಾಗ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಸೊಂಟ ನೋವಿನ ಸುಮಾರು ಶೇ 90ರಷ್ಟು ಪ್ರಕರಣಗಳು ಈ ಬಗೆಯವು. ಕಾರಣ ಸಿಗಲಿಲ್ಲ ಎಂದರೆ ನೋವು ಸುಳ್ಳು ಎಂದರ್ಥವಲ್ಲ. ಮೂಳೆ ಮುರಿತ, ಸೋಂಕು, ಗಡ್ಡೆಯಂಥ ಗಂಭೀರ ಕಾಯಿಲೆ ಅಲ್ಲ ಎಂದಷ್ಟೇ ಅರ್ಥ.

ಇನ್ನೊಂದು ಸಂಗತಿ ತಿಳಿದಿರಬೇಕು. ಹೊಸ ನೋವಿಗೂ ಹಳೆಯ ನೋವಿಗೂ ವ್ಯತ್ಯಾಸವಿದೆ. ಬೀದಿಯಲ್ಲಿ ಒಂದು ನಾಯಿ ಇದೆ ಎಂದುಕೊಳ್ಳಿ. ಒಮ್ಮೆ ಕಳ್ಳ ಬಂದಾಗ ಬೊಗಳಿತು. ಅದು ಅದರ ಕೆಲಸ. ಆದರೆ ಆಮೇಲೆ ಹಾಲಿನವನು ಬಂದರೂ ಬೊಗಳುತ್ತದೆ, ಪೇಪರ್ ಹುಡುಗ ಬಂದರೂ ಬೊಗಳುತ್ತದೆ. ತಿಂಗಳುಗಟ್ಟಲೆ ನೋವಿದ್ದಾಗ ನರಮಂಡಲವೂ ಹೀಗೆ ಅತಿಯಾದ ಎಚ್ಚರದಲ್ಲಿರುತ್ತದೆ. ಆಗ ನೋವಾದಷ್ಟೂ ಒಳಗೆ ಏನೋ ಮುರಿಯುತ್ತಿದೆ ಎಂದೇನೂ ಅಲ್ಲ. ನಿದ್ದೆಗೇಡು, ಚಿಂತೆ, ಭಯ ಇವೆಲ್ಲ ಆ ಬೊಗಳುವಿಕೆಯನ್ನು ಜೋರು ಮಾಡುತ್ತವೆ. ನಿಯಮಿತ ಚಲನೆ, ಧೈರ್ಯ, ವಿಶ್ರಾಂತಿಯ ನಿದ್ದೆ ಅದನ್ನು ತಗ್ಗಿಸುತ್ತವೆ.

ಹೇಳಿಕೆ 1: "ಬೆನ್ನು ನೋವಿದ್ದರೆ ಹಾಸಿಗೆ ಬಿಟ್ಟು ಏಳಬಾರದು"

ವಾಸ್ತವ: ತಪ್ಪು. ನಲವತ್ತು ವರ್ಷಗಳ ಹಿಂದೆ ವೈದ್ಯರೂ ಹೀಗೇ ಹೇಳುತ್ತಿದ್ದರು. 1986ರಲ್ಲಿ ಅಮೆರಿಕದಲ್ಲಿ 203 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಕೆಲವರಿಗೆ ಏಳು ದಿನ, ಕೆಲವರಿಗೆ ಎರಡೇ ದಿನ ಮಲಗಲು ಹೇಳಿದ್ದರು. ಎರಡು ದಿನದ ಗುಂಪಿನವರು ಕೆಲಸಕ್ಕೆ ಬೇಗ ಮರಳಿದರು. ನೋವಿನ ವಿಚಾರದಲ್ಲಿ ಹೆಚ್ಚು ಮಲಗಿದವರಿಗೆ ಯಾವ ಲಾಭವೂ ಆಗಿರಲಿಲ್ಲ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 186 ನೌಕರರ ಮೇಲೆ ನಡೆದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನೋವು ಬಿಟ್ಟಷ್ಟರ ಮಟ್ಟಿಗೆ ದಿನನಿತ್ಯದ ಓಡಾಟ ಮುಂದುವರಿಸಿದವರೇ ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು.

ಕಾರಣ ಸರಳ. ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ. ದೊಡ್ಡವರ ಡಿಸ್ಕ್‌ಗಳಿಗೆ ರಕ್ತನಾಳಗಳ ನೇರ ಪೂರೈಕೆ ಬಹಳ ಕಡಿಮೆ. ಅಕ್ಕಪಕ್ಕದಿಂದ ಪೋಷಕಾಂಶಗಳು ನಿಧಾನವಾಗಿ ಒಳಗಿಳಿಯಬೇಕು. ದೇಹ ಚಲಿಸುತ್ತಿದ್ದರೆ ಇದಕ್ಕೆ ಅನುಕೂಲ. ತೀರಾ ಸೊಂಟ ಹಿಡಿದುಕೊಂಡು ಅಲ್ಲಾಡಲೂ ಆಗದಿದ್ದರೆ ಒಂದೆರಡು ದಿನ ಹೆಚ್ಚು ಮಲಗಿದರೆ ತಪ್ಪೇನಿಲ್ಲ. ಆದರೆ ಅಷ್ಟರಲ್ಲೂ ಮನೆಯೊಳಗೆ ಆಗಾಗ ನಾಲ್ಕು ಹೆಜ್ಜೆ ಹಾಕಿ.

ಹೇಳಿಕೆ 2: "ನೆಲದ ಮೇಲೆ, ಹಲಗೆಯ ಮೇಲೆ ಮಲಗಿದರೆ ವಾಸಿ"

ವಾಸ್ತವ: ಎಲ್ಲರಿಗೂ ಅಲ್ಲ. ಸ್ಪೇನ್‌ನಲ್ಲಿ 313 ಜನರ ಮೇಲೆ ನಡೆದ, 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿತನದ ಹಾಸಿಗೆ ಕೊಟ್ಟು 90 ದಿನ ನೋಡಿದರು. ಮಧ್ಯಮ ಹಾಸಿಗೆಯವರಿಗೇ ಹೆಚ್ಚು ಆರಾಮವಾಗಿತ್ತು.

ನೀವು ಚಾಪೆಯ ಮೇಲೆ ಮಲಗಿ ಬೆಳಿಗ್ಗೆ ಹಗುರವಾಗಿ ಏಳುತ್ತೀರಿ ಎಂದರೆ ಹಾಗೆಯೇ ಮುಂದುವರಿಯಿರಿ. ಬದಲಿಸುವ ಅಗತ್ಯವಿಲ್ಲ. ಆದರೆ ಫಾರ್ವರ್ಡ್ ನೋಡಿ 65 ವರ್ಷದ ಅಮ್ಮನನ್ನು ಮಂಚದಿಂದ ಇಳಿಸಿ ನೆಲಕ್ಕೆ ಮಲಗಿಸಬೇಡಿ. ನೆಲದಿಂದ ಏಳುವುದೇ ಅವರಿಗೆ ದೊಡ್ಡ ಶಿಕ್ಷೆ, ರಾತ್ರಿ ಎದ್ದು ಬೀಳುವ ಅಪಾಯ ಬೇರೆ. ನಡುವೆ ಗುಂಡಿ ಬಿದ್ದ ಹಳೆಯ ಹತ್ತಿ ಹಾಸಿಗೆಯಾದರೆ ಅದನ್ನು ಮತ್ತೆ ಹಿಂಜಿಸಿ ಹೊಲಿಸಿ ಅಥವಾ ಬದಲಿಸಿ. ಮಗ್ಗುಲಾಗಿ ಮಲಗುವವರು ಮೊಣಕಾಲುಗಳ ನಡುವೆ, ಅಂಗಾತ ಮಲಗುವವರು ಮೊಣಕಾಲಿನ ಕೆಳಗೆ ದಿಂಬು ಇಟ್ಟು ನೋಡಿ. ಏಳುವಾಗ ನೇರ ಎದ್ದು ಕೂರುವ ಬದಲು ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಿ.

ಹೇಳಿಕೆ 3: "ಎಂಆರ್‌ಐಯಲ್ಲಿ ಡಿಸ್ಕ್ ಸವೆದಿದೆ ಎಂದು ಬಂದಿದೆ, ಇನ್ನು ಜೀವನವೇ ಮುಗಿಯಿತು"

ವಾಸ್ತವ: ಇಷ್ಟು ಭಯ ಹುಟ್ಟಿಸುವ, ಇಷ್ಟು ತಪ್ಪಾಗಿ ಅರ್ಥವಾಗುವ ವರದಿ ಇನ್ನೊಂದಿಲ್ಲ. ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2015ರಲ್ಲಿ ಪ್ರಕಟವಾಯಿತು. ನೋವಿಲ್ಲದ 20 ವರ್ಷದವರಲ್ಲೇ ಶೇ 37ರಷ್ಟು ಮಂದಿಗೆ ಡಿಸ್ಕ್ ಸವೆತ ಇತ್ತು. 80 ವರ್ಷದವರಲ್ಲಿ ಶೇ 96ರಷ್ಟು. ಡಿಸ್ಕ್ ಉಬ್ಬಿರುವುದು 20ರ ವಯಸ್ಸಿನಲ್ಲಿ ಶೇ 30, 80ರಲ್ಲಿ ಶೇ 84. ಅಂದರೆ ತಲೆಗೂದಲು ನರೆಯುವಂತೆ ಡಿಸ್ಕ್‌ಗೂ ವಯಸ್ಸಾಗುತ್ತದೆ. ನರೆತ ಕೂದಲು ಹೇಗೆ ನೋಯುವುದಿಲ್ಲವೋ ಹಾಗೆ ಸವೆದ ಡಿಸ್ಕ್ ಕೂಡ ಎಲ್ಲರಿಗೂ ನೋಯುವುದಿಲ್ಲ.

"ಡಿಸ್ಕ್ ಜಾರಿದೆ" ಎಂಬ ಮಾತೂ ದಾರಿ ತಪ್ಪಿಸುತ್ತದೆ. ಡಿಸ್ಕ್ ಮೇಲಿನ ಮತ್ತು ಕೆಳಗಿನ ಮೂಳೆಗಳಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಸೋಪಿನಂತೆ ಜಾರಿ ಹೊರಬರುವುದಿಲ್ಲ. ಅದರ ಒಂದು ಭಾಗ ಉಬ್ಬಿ ಅಥವಾ ಒಳಗಿನ ಮೆತ್ತನೆಯ ಅಂಶ ಹೊರಬಂದು ನರಕ್ಕೆ ತಾಗಬಹುದು. ಆಗ ಸೊಂಟದಿಂದ ಕಾಲಿನವರೆಗೆ ಸೆಳೆತ, ಜೋಮು ಬರುತ್ತದೆ. ಇದೇ ಸಯಾಟಿಕಾ. ಹೀಗೆ ಹೊರಬಂದ ಭಾಗ ಎಷ್ಟೋ ಜನರಲ್ಲಿ ತಿಂಗಳುಗಳಲ್ಲಿ ತಾನಾಗಿಯೇ ಕುಗ್ಗುತ್ತದೆ. ಹಾಗಾಗಿ ಸ್ಕ್ಯಾನ್ ಬೇಕೇ ಬೇಡವೇ ಎಂಬುದನ್ನು ವೈದ್ಯರು ನಿಮ್ಮ ಲಕ್ಷಣ ನೋಡಿ ಹೇಳಲಿ. ಸುಮ್ಮನೆ ಮಾಡಿಸಿಕೊಂಡು ವರದಿಯ ಪದಗಳನ್ನು ಗೂಗಲ್ ಮಾಡಿ ಹೆದರಬೇಡಿ.

ಹೇಳಿಕೆ 4: "ಹೆರಿಗೆಯಲ್ಲಿ ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದಲೇ ಈ ನೋವು"

ವಾಸ್ತವ: ಸಿಸೇರಿಯನ್ ಆದ ಎಷ್ಟೋ ಹೆಣ್ಣುಮಕ್ಕಳು ಹತ್ತು ವರ್ಷದ ನಂತರವೂ ಹೀಗೇ ನಂಬಿರುತ್ತಾರೆ. ಸೂಜಿ ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವಿರುವುದು ನಿಜ. ಆದರೆ ದೀರ್ಘಕಾಲದ ನೋವಿಗೆ ಅದು ಕಾರಣ ಎಂಬುದು ಪರೀಕ್ಷೆಗಳಲ್ಲಿ ನಿಂತಿಲ್ಲ. ಬ್ರಿಟನ್ನಿನಲ್ಲಿ ಹೆರಿಗೆ ನೋವಿಗೆ ಬೆನ್ನಿನ ಇಂಜೆಕ್ಷನ್ (ಎಪಿಡ್ಯೂರಲ್) ಪಡೆಯುವ ಗುಂಪು ಮತ್ತು ಬೇರೆ ಬಗೆಯ ನೋವು ನಿವಾರಣೆಯ ಗುಂಪು ಎಂದು 369 ತಾಯಂದಿರನ್ನು ವಿಂಗಡಿಸಿ, ಅವರಲ್ಲಿ ಸಿಕ್ಕವರನ್ನು ಎಷ್ಟೋ ಕಾಲದ ನಂತರ ಮತ್ತೆ ವಿಚಾರಿಸಿದರು. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಬೆನ್ನು ನೋವಿನಲ್ಲಿ ಎರಡೂ ಗುಂಪುಗಳಿಗೆ ಗಮನಾರ್ಹ ವ್ಯತ್ಯಾಸ ಇರಲಿಲ್ಲ.

ಹಾಗಾದರೆ ನೋವು ಯಾಕೆ? ಗರ್ಭಿಣಿಯಾಗಿದ್ದಾಗಲೇ ಹೊಟ್ಟೆಯ ಸ್ನಾಯು ಹಿಗ್ಗಿರುತ್ತದೆ, ಕಟಿಯ ಬಂಧಕಗಳು ಸಡಿಲವಾಗಿರುತ್ತವೆ. ಹೆರಿಗೆಯ ನಂತರ ಬಗ್ಗಿ ಹಾಲುಣಿಸುವುದು, ದಿನೇದಿನೇ ಭಾರವಾಗುವ ಮಗುವನ್ನು ಒಂದೇ ಸೊಂಟದ ಮೇಲೆ ಹೊರುವುದು, ತುಂಡು ತುಂಡು ನಿದ್ದೆ. ಬಾಣಂತನದಲ್ಲಿ ತಿಂಗಳುಗಟ್ಟಲೆ ಮಲಗಿಸಿಯೇ ಇಟ್ಟರೆ ಸ್ನಾಯು ಇನ್ನಷ್ಟು ಸೊರಗುತ್ತದೆ. ಇಂಜೆಕ್ಷನ್ ಮೇಲೆ ತಪ್ಪು ಹೊರಿಸಿದರೆ "ಇನ್ನು ಏನೂ ಮಾಡಲಾಗದು" ಎಂದಾಗುತ್ತದೆ. ನಿಜವಾದ ಕಾರಣಗಳಿಗಾದರೆ ಪರಿಹಾರವಿದೆ. ಹಾಲುಣಿಸುವಾಗ ಗೋಡೆಗೆ ಒರಗಿ, ತೊಡೆಯ ಮೇಲೆ ದಿಂಬಿಟ್ಟು ಮಗುವನ್ನು ಎದೆಯ ಮಟ್ಟಕ್ಕೆ ತನ್ನಿ. ವೈದ್ಯರು ಒಪ್ಪಿದ ಮೇಲೆ ನಡಿಗೆ, ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳ ವ್ಯಾಯಾಮ ಶುರುಮಾಡಿ.

ಹೇಳಿಕೆ 5: "ಕೂತರೆ ಬೆನ್ನಿನ ಮೇಲೆ ಒತ್ತಡ, ಸದಾ ನೆಟ್ಟಗೆ ಕೂರಬೇಕು"

ವಾಸ್ತವ: ಅರ್ಧ ಸತ್ಯ. ಕೂತಾಗ ಡಿಸ್ಕ್ ಮೇಲೆ ಇಷ್ಟು ಒತ್ತಡ, ನಿಂತಾಗ ಇಷ್ಟು ಎಂಬ ಚಿತ್ರ ಆಗಾಗ ಹರಿದಾಡುತ್ತದೆ. ಅದರ ಮೂಲ 1960ರ ದಶಕದಲ್ಲಿ ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್‌ಸನ್ ಡಿಸ್ಕ್‌ಗೆ ಸೂಜಿ ಇಳಿಸಿ ಮಾಡಿದ ಅಳತೆಗಳು. 1999ರಲ್ಲಿ ಜರ್ಮನಿಯ ಸಂಶೋಧಕರು ಒಬ್ಬ ವ್ಯಕ್ತಿಯಲ್ಲಿ ಹೊಸ ಉಪಕರಣದಿಂದ ಅಳೆದಾಗ, ಆರಾಮವಾಗಿ ಕೂತಾಗಿನ ಒತ್ತಡ ನಿಂತಾಗಿಗಿಂತ ಹೆಚ್ಚೇನೂ ಇರಲಿಲ್ಲ. ಅದೂ ಅಲ್ಲದೆ ಒತ್ತಡ ಎಂದರೆ ನೋವು ಎಂದಲ್ಲ.

ಯಾವುದೇ ಒಂದು ಭಂಗಿ "ಸರಿಯಾದ ಭಂಗಿ" ಎಂದು ಸಾಬೀತಾಗಿಲ್ಲ. ಎಷ್ಟೇ ಒಳ್ಳೆಯ ಭಂಗಿಯಾದರೂ ಮೂರು ಗಂಟೆ ಅಲುಗಾಡದೆ ಇದ್ದರೆ ಬೆನ್ನು ಬಿಗಿಯುತ್ತದೆ. ಆದ್ದರಿಂದ ನೆಟ್ಟಗೆ ಕೂರುವುದಕ್ಕಿಂತ ಆಗಾಗ ಭಂಗಿ ಬದಲಿಸುವುದು ಮುಖ್ಯ. ಅರ್ಧ ಗಂಟೆಗೊಮ್ಮೆ ಎದ್ದು ಒಂದು ನಿಮಿಷ ಓಡಾಡಿ ಬನ್ನಿ. ಫೋನ್ ಬಂದರೆ ನಡೆಯುತ್ತ ಮಾತಾಡಿ. ನೀರಿನ ಬಾಟಲಿ ಮೇಜಿನ ಮೇಲಿಡುವ ಬದಲು ದೂರದಲ್ಲಿಡಿ.

ಹೇಳಿಕೆ 6: "ಮಂಡಿ ಬಗ್ಗಿಸಿ ಎತ್ತಿದರೆ ಬೆನ್ನು ನೋವು ಬರುವುದೇ ಇಲ್ಲ"

ವಾಸ್ತವ: ಭಾರ ಎತ್ತುವ ವಿಧಾನದ ತರಬೇತಿ ಕೊಟ್ಟ ಅಧ್ಯಯನಗಳನ್ನು ಒಟ್ಟಾಗಿ ನೋಡಿದಾಗ, ಬರೀ ತರಬೇತಿಯಿಂದ ಬೆನ್ನು ನೋವು ತಪ್ಪಿದ್ದು ಕಂಡಿಲ್ಲ. ಹಾಗೆಂದು ಹೇಗೆ ಬೇಕಾದರೂ ಎತ್ತಿ ಎಂದಲ್ಲ. ಭಾರವನ್ನೇ ಕಡಿಮೆ ಮಾಡುವುದು, ಮೈಗೆ ಹತ್ತಿರ ಹಿಡಿಯುವುದು, ಎತ್ತಿಕೊಂಡೇ ಸೊಂಟ ತಿರುಚದೆ ಪಾದ ತಿರುಗಿಸುವುದು, ಇಬ್ಬರು ಸೇರಿ ಎತ್ತುವುದು, ಇವು ಬೆನ್ನಿನ ಹೊರೆಯನ್ನು ಖಂಡಿತ ಇಳಿಸುತ್ತವೆ. ತುಂಬಿದ ಅಡುಗೆ ಗ್ಯಾಸ್ ಸಿಲಿಂಡರ್ ಸುಮಾರು 30 ಕೆ.ಜಿ. ಭಾರ. ಅದರಲ್ಲಿ ಗ್ಯಾಸ್ 14.2 ಕೆ.ಜಿ., ಉಳಿದದ್ದು ಕಬ್ಬಿಣ. ಒಬ್ಬರೇ ಎತ್ತುವ ಸಾಹಸ ಬೇಡ, ಸಿಲಿಂಡರ್ ಟ್ರಾಲಿ ಬಳಸಿ.

"ಬಗ್ಗಲೇಬಾರದು" ಎಂಬುದೂ ತಪ್ಪು. ಬೆನ್ನು ಇರುವುದೇ ಬಗ್ಗುವುದಕ್ಕೆ. ಆದರೆ ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಬೆಳಿಗ್ಗೆ ನಮ್ಮ ಎತ್ತರ ಒಂದು ಸೆಂಟಿಮೀಟರಿನಷ್ಟು ಹೆಚ್ಚಿರುವುದು ಇದರಿಂದಲೇ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆಳಗಿನ ಹೊತ್ತು ಸೊಂಟ ಬಗ್ಗಿಸುವುದನ್ನು ಕಡಿಮೆ ಮಾಡಿದವರಿಗೆ ನೋವು ತಗ್ಗಿತ್ತು. ಹಾಗಾಗಿ ಎದ್ದ ತಕ್ಷಣ ಅಂಗಳ ಗುಡಿಸಿ, ಬಗ್ಗಿ ರಂಗೋಲಿ ಹಾಕಿ, ಕೊಡ ಎತ್ತುವವರು ಮೊದಲು ಸ್ವಲ್ಪ ಓಡಾಡಿ. ಬಗ್ಗುವ ಕೆಲಸ ಆಮೇಲೆ ಇಟ್ಟುಕೊಳ್ಳಿ.

ಹೇಳಿಕೆ 7: "ಬೆಲ್ಟ್ ಕಟ್ಟಿದರೆ ಸಾಕು, ಇಲ್ಲವಾದರೆ ಮಾತ್ರೆ ಇದೆಯಲ್ಲ"

ವಾಸ್ತವ: ಬೆಲ್ಟ್ ಕಟ್ಟಿದಾಗ ಧೈರ್ಯ ಬರುತ್ತದೆ, ನಿಜ. ಆದರೆ ದಿನವಿಡೀ ಕಟ್ಟಿಕೊಂಡಿರಲು ಮಾರ್ಗಸೂಚಿ ಹೇಳುವುದಿಲ್ಲ. ಮೂಳೆ ಮುರಿತ ಅಥವಾ ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಹೇಳಿದ್ದರೆ ಅದು ಬೇರೆ ಮಾತು. ಅದನ್ನು ನೀವಾಗಿ ಬಿಚ್ಚಬೇಡಿ.

ಮೆಡಿಕಲ್ ಶಾಪಿನಲ್ಲಿ "ಸೊಂಟ ನೋವಿಗೆ ಎರಡು ಮಾತ್ರೆ ಕೊಡಿ" ಎಂದು ಕೇಳುವ ಅಭ್ಯಾಸ ಇನ್ನೂ ಅಪಾಯ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡಕ್ಕೆ ಹಾನಿ ಆಗಬಹುದು. ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ "ನೋವಿನ ಪುಡಿ"ಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾದ ಉದಾಹರಣೆಗಳಿವೆ. ಎರಡೇ ದಿನಕ್ಕೆ ಅದ್ಭುತ ಗುಣ ಕಂಡರೆ ಖುಷಿಪಡುವ ಬದಲು ಅನುಮಾನಪಡಿ.

ಬಿಸಿನೀರಿನ ಶಾಖ, ಹಗುರವಾದ ಎಣ್ಣೆ ಮಸಾಜ್ ಹಿತ ಕೊಡುತ್ತವೆ. ತಾತ್ಕಾಲಿಕ ಆರಾಮಕ್ಕೆ ಧಾರಾಳವಾಗಿ ಮಾಡಿಕೊಳ್ಳಿ. ಆದರೆ ಬೆನ್ನನ್ನು ಕಾಲಿನಿಂದ ತುಳಿಸಿಕೊಳ್ಳುವುದು, ಉಳುಕು ತೆಗೆಯುತ್ತೇವೆಂದು ರಭಸದಿಂದ ತಿರುಚಿಸಿಕೊಳ್ಳುವುದು ಬೇಡ. ಮೂಳೆ ಟೊಳ್ಳಾಗಿರುವ ವಯಸ್ಸಾದವರಲ್ಲಿ ಮೂಳೆಯೇ ಮುರಿಯಬಹುದು.

ಹಾಗಾದರೆ ಕೆಲಸ ಮಾಡುವುದು ಯಾವುದು?

1. ನಡಿಗೆ. ಖರ್ಚಿಲ್ಲದ, ಒಳ್ಳೆಯ ಸಾಕ್ಷ್ಯವಿರುವ ಮದ್ದು ಇದು. ಆಸ್ಟ್ರೇಲಿಯಾದಲ್ಲಿ, ಬೆನ್ನು ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ಅರ್ಧದಷ್ಟು ಜನರಿಗೆ ಫಿಸಿಯೋಥೆರಪಿಸ್ಟ್ ಮಾರ್ಗದರ್ಶನದಲ್ಲಿ ನಡಿಗೆ ಹೇಳಿಕೊಟ್ಟರು. ಆರು ತಿಂಗಳಲ್ಲಿ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ ತಲುಪುವುದು ಗುರಿ. 2024ರಲ್ಲಿ ಫಲಿತಾಂಶ ಬಂತು. ನಡೆಯದ ಗುಂಪಿನಲ್ಲಿ ನೋವು ಮರುಕಳಿಸಲು ಸರಾಸರಿ 112 ದಿನ ಹಿಡಿದರೆ, ನಡೆದವರಲ್ಲಿ 208 ದಿನ. ಅಂದರೆ ನೋವಿಲ್ಲದ ಕಾಲ ಹೆಚ್ಚುಕಡಿಮೆ ಎರಡು ಪಟ್ಟಾಯಿತು.

2. ವ್ಯಾಯಾಮ. ದೀರ್ಘಕಾಲದ ಸೊಂಟ ನೋವಿಗೆ ವ್ಯಾಯಾಮದ ಕುರಿತ 249 ಅಧ್ಯಯನಗಳನ್ನು 2021ರಲ್ಲಿ ಒಟ್ಟಾಗಿ ಪರಿಶೀಲಿಸಲಾಯಿತು. ನೋವಿಗೆ ನೂರು ಅಂಕ ಎಂದಿಟ್ಟುಕೊಂಡರೆ, ಏನೂ ಮಾಡದವರಿಗಿಂತ ವ್ಯಾಯಾಮ ಮಾಡಿದವರಲ್ಲಿ ಸರಾಸರಿ 15 ಅಂಕ ಕಡಿಮೆ. ಇದು ಪವಾಡವಲ್ಲ. ಆದರೆ ಹಾಸಿಗೆಯಿಂದ ಏಳುವುದೇ ಕಷ್ಟವಾಗಿದ್ದವರು ಅಂಗಡಿಗೆ ಹೋಗಿ ಬರುವಷ್ಟು ವ್ಯತ್ಯಾಸ ಇದರಿಂದ ಆಗಬಹುದು. ಇಂಥದ್ದೇ ವ್ಯಾಯಾಮ ಎಂಬ ಕಟ್ಟುನಿಟ್ಟಿಲ್ಲ. ನೀವು ಬಿಡದೆ ಮಾಡುವಂಥದ್ದೇ ನಿಮಗೆ ಒಳ್ಳೆಯದು.

3. ಯೋಗ. ಅಮೆರಿಕದ ಬಾಸ್ಟನ್ನಿನಲ್ಲಿ 320 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 12 ವಾರದ ಯೋಗ ಫಿಸಿಯೋಥೆರಪಿಗೆ ಸರಿಸಮವಾಗಿ ನಿಂತಿತು. ಆದರೆ ಆ ತರಗತಿಗಳನ್ನು ಬೆನ್ನು ನೋವಿನವರಿಗೆಂದೇ ರೂಪಿಸಿದ್ದರು. ಮಾರ್ಜಾಲಾಸನ, ಸೇತುಬಂಧಾಸನದಂಥ ಸರಳ ಆಸನಗಳಿಂದ ಶುರುಮಾಡಿ. ಕಾಲಿಗೆ ಸೆಳೆತ ಇರುವವರು ವಿಡಿಯೋ ನೋಡಿಕೊಂಡು ಪಶ್ಚಿಮೋತ್ತಾನಾಸನಕ್ಕೆ ಹೊರಡಬೇಡಿ. ತಿಳಿದ ಶಿಕ್ಷಕರ ಬಳಿ ಕಲಿಯಿರಿ.

4. ನಿದ್ದೆ ಮತ್ತು ಮನಸ್ಸು. ನೋವಿದ್ದರೆ ನಿದ್ದೆ ಬಾರದು, ನಿದ್ದೆ ಕೆಟ್ಟರೆ ಮರುದಿನ ನೋವು ಹೆಚ್ಚು. ಈ ಚಕ್ರವನ್ನು ಎಲ್ಲಾದರೂ ಮುರಿಯಬೇಕು. ಮಲಗುವ ಹೊತ್ತು ಒಂದೇ ಇರಲಿ. ಮೊಬೈಲ್ ಮಂಚದಿಂದ ದೂರ ಇರಲಿ. ಮನಸ್ಸಿನ ಚಿಕಿತ್ಸೆ ಎಂದರೆ "ನಿಮ್ಮ ನೋವು ನಾಟಕ" ಎಂದಲ್ಲ. ನೋವಿನ ಭಯ ಬಿಡಿಸುವುದೂ ಚಿಕಿತ್ಸೆಯ ಭಾಗ.

5. ಬೀಡಿ, ಸಿಗರೇಟ್ ಬಿಡುವುದು. ಧೂಮಪಾನ ಮಾಡುವವರಲ್ಲಿ ಬೆನ್ನು ನೋವು ಹೆಚ್ಚು ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅತಿ ತೂಕಕ್ಕೂ ನಂಟಿದೆ.

ನಿಮ್ಮ ಕೆಲಸಕ್ಕೆ ತಕ್ಕ ಸಣ್ಣ ಬದಲಾವಣೆ

ಅಡುಗೆಮನೆಯಲ್ಲಿ: ನಿಂತು ಮಾಡುವ ಕೆಲಸವಾದರೆ ಕಾಲಡಿಗೆ ಒಂದು ಮಣೆ ಇಟ್ಟು, ಒಂದು ಕಾಲನ್ನು ಅದರ ಮೇಲಿಡಿ. ಆಗಾಗ ಕಾಲು ಬದಲಿಸಿ. ತರಕಾರಿ ಹೆಚ್ಚುವುದು, ಸೊಪ್ಪು ಬಿಡಿಸುವುದನ್ನು ಕೂತು ಮಾಡಿ. ಉದ್ದ ಹಿಡಿಯ ಪೊರಕೆ, ಮಾಪ್ ಬಳಸಿ. ಒಂದು ತುಂಬಿದ ಕೊಡದ ಬದಲು ಎರಡು ಸಲ ಅರ್ಧರ್ಧ ತನ್ನಿ.

ಗದ್ದೆಯಲ್ಲಿ: ನಾಟಿ, ಕಳೆ ಕೀಳುವ ಕೆಲಸದಲ್ಲಿ ಬಗ್ಗುವುದು ತಪ್ಪುವುದಿಲ್ಲ. ಒಂದು ಸಾಲು ಮುಗಿದಾಗ ನೆಟ್ಟಗೆ ನಿಂತು, ಎರಡೂ ಕೈ ಸೊಂಟಕ್ಕಿಟ್ಟು ನಾಲ್ಕೈದು ಸಲ ಹಿಂದಕ್ಕೆ ಬಾಗಿ. ಸಾಧ್ಯವಾದಲ್ಲಿ ಬಗ್ಗುವ ಕೆಲಸ, ನಿಲ್ಲುವ ಕೆಲಸ ಅದಲುಬದಲು ಮಾಡಿಕೊಳ್ಳಿ. ಉದ್ದ ಹಿಡಿಯ ಕಳೆ ತೆಗೆಯುವ ಉಪಕರಣಗಳು ಸಿಗುತ್ತವೆ.

ಹೊಲಿಗೆ ಯಂತ್ರದ ಮುಂದೆ: ಗಾರ್ಮೆಂಟ್ಸ್‌ನಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲು ಬಿಡುವುದಿಲ್ಲ ಎಂಬುದು ಗೊತ್ತಿರುವ ವಿಷಯ. ಒಂದು ಬಂಡಲ್ ಮುಗಿದಾಗ ಕೂತಲ್ಲೇ ಎದ್ದು ನಿಂತು ಒಮ್ಮೆ ಮೈ ಮುರಿಯಿರಿ. ಒರಗಲು ಬೆನ್ನಿಲ್ಲದ ಸ್ಟೂಲ್ ಆದರೆ ಊಟದ ವಿರಾಮದಲ್ಲಿ ಕೂರುವ ಬದಲು ಸ್ವಲ್ಪ ನಡೆಯಿರಿ.

ಲ್ಯಾಪ್‌ಟಾಪ್ ಮುಂದೆ: ಪಾದ ನೆಲಕ್ಕೆ ತಾಗಲಿ. ಸೊಂಟದ ಹಿಂದೆ ಸುತ್ತಿದ ಟವೆಲ್ ಇಡಿ. ನಾಲ್ಕು ದಪ್ಪ ಪುಸ್ತಕದ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬೇರೆ ಕೀಬೋರ್ಡ್ ಬಳಸಿ. ದುಬಾರಿ ಕುರ್ಚಿ ಕೊಂಡು ಅದರಲ್ಲೇ ಹತ್ತು ಗಂಟೆ ಕೂತರೆ ಲಾಭವಿಲ್ಲ.

ಬೈಕ್, ಆಟೋ, ಲಾರಿಯಲ್ಲಿ: ದೀರ್ಘಕಾಲ ಮೈಗೆ ಕುಲುಕಾಟ ತಟ್ಟುವುದಕ್ಕೂ ಸೊಂಟ ನೋವಿಗೂ ನಂಟಿದೆ. ಗುಂಡಿ, ಹಂಪ್‌ಗಳಲ್ಲಿ ವೇಗ ಇಳಿಸಿ. ಹೆಗಲ ಬ್ಯಾಗಿನ ಭಾರ ಇಳಿಸಿ. ದೂರದ ಪ್ರಯಾಣದಲ್ಲಿ ನಡುವೆ ನಿಲ್ಲಿಸಿ ಎರಡು ನಿಮಿಷ ನಡೆಯಿರಿ. ದಪ್ಪ ಪರ್ಸನ್ನು ಹಿಂದಿನ ಜೇಬಿನಲ್ಲಿಟ್ಟು ಕೂರಬೇಡಿ. ಇದರಿಂದ ಪೃಷ್ಠದ ಬಳಿ ನರಕ್ಕೆ ಒತ್ತಿ ಕಾಲಿಗೆ ಸೆಳೆತ ಬರುವುದನ್ನು 1978ರಷ್ಟು ಹಿಂದೆಯೇ ವೈದ್ಯರು ದಾಖಲಿಸಿದ್ದಾರೆ. ಈ ಫಾರ್ವರ್ಡ್ ಮಾತ್ರ ನಿಜ!

ಎಲ್ಲರೂ ಎಡವುವ ಜಾಗ

ದೀರ್ಘಕಾಲದ ನೋವಿರುವವರಲ್ಲಿ ಒಂದು ಪದ್ಧತಿ ಸಾಮಾನ್ಯ. ನೋವು ಕಡಿಮೆ ಇರುವ ದಿನ ಎಲ್ಲ ಬಾಕಿ ಕೆಲಸ ಒಟ್ಟಿಗೆ ಮಾಡುವುದು. ಹಬ್ಬದ ಹಿಂದಿನ ದಿನ ಇಡೀ ಮನೆಯ ಧೂಳು ಹೊಡೆದು, ಅಟ್ಟದ ಪಾತ್ರೆ ಇಳಿಸಿ ತೊಳೆದು, ಹಬ್ಬದ ದಿನ ಮಲಗುವುದು. ಆಮೇಲೆ ಮೂರು ದಿನ ಏಳಲಾಗದೆ, "ನನಗೆ ಕೆಲಸವೇ ಆಗಿಬರುವುದಿಲ್ಲ" ಎಂದುಕೊಳ್ಳುವುದು. ನಿಜದಲ್ಲಿ ಕೆಲಸದಿಂದ ತೊಂದರೆಯಾಗಿಲ್ಲ, ಒಮ್ಮೆಲೇ ಏರಿಸಿದ್ದರಿಂದ ಆಗಿದೆ.

ಇದಕ್ಕೆ ಉಪಾಯ: ಕೆಟ್ಟ ದಿನದಲ್ಲೂ ಮಾಡಬಲ್ಲಷ್ಟರಿಂದ ಆರಂಭಿಸಿ. ದಿನಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ ನಡಿಗೆ ಎಂದುಕೊಳ್ಳಿ. ಅದೂ ಕಷ್ಟವಾದರೆ ಐದು ನಿಮಿಷ. ವಾರಕ್ಕೊಮ್ಮೆ ಒಂದೆರಡು ನಿಮಿಷ ಹೆಚ್ಚಿಸಿ. ನಡೆಯುವಾಗ ನೋವು ತುಸು ಹೆಚ್ಚಾಗಿ ಮರುದಿನಕ್ಕೆ ಮೊದಲಿನ ಮಟ್ಟಕ್ಕೆ ಬಂದರೆ ಭಯವಿಲ್ಲ. ಮರುದಿನವೂ ಹೆಚ್ಚೇ ಇದ್ದರೆ ಪೂರ್ತಿ ನಿಲ್ಲಿಸಬೇಡಿ, ಪ್ರಮಾಣ ಇಳಿಸಿ. ಒಳ್ಳೆಯ ದಿನವೂ ನಿಗದಿಗಿಂತ ಹೆಚ್ಚು ಮಾಡಬೇಡಿ.

21 ದಿನದಲ್ಲಿ ಮಾಯ ಎಂಬ ಮಾತು ನಂಬಬೇಡಿ. ಎರಡು ಮೂರು ತಿಂಗಳು ಕೊಡಿ. ನೋವು ಎಷ್ಟಿದೆ ಎಂದು ದಿನಾ ಅಳೆಯುವ ಬದಲು, ಹೋದ ತಿಂಗಳು ಆಗದ ಯಾವ ಕೆಲಸ ಈ ತಿಂಗಳು ಆಗುತ್ತಿದೆ ಎಂದು ನೋಡಿ. ನಡುವೆ ಒಮ್ಮೊಮ್ಮೆ ನೋವು ಮರುಕಳಿಸುತ್ತದೆ. ಅದು ಸೋಲಲ್ಲ.

ಈ ಲಕ್ಷಣಗಳಿದ್ದರೆ ಕಾಯಬೇಡಿ

ತಕ್ಷಣ, ಅದೇ ದಿನ ಆಸ್ಪತ್ರೆಗೆ:

• ಮೂತ್ರ ಕಟ್ಟುವುದು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು
• ಜನನಾಂಗ, ಗುದದ್ವಾರದ ಸುತ್ತ, ಒಳತೊಡೆಯಲ್ಲಿ ಸ್ಪರ್ಶ ತಿಳಿಯದಿರುವುದು
• ಕಾಲಿನಲ್ಲಿ ಬಲ ಕುಂದುತ್ತ ಹೋಗುವುದು, ಪಾದ ಎತ್ತಲಾಗದೆ ಚಪ್ಪಲಿ ಜಾರುವುದು
• ಬಿದ್ದು ಅಥವಾ ಅಪಘಾತದ ನಂತರ ಬಂದ ತೀವ್ರ ನೋವು

ಮೊದಲ ಎರಡು ಲಕ್ಷಣಗಳನ್ನು ಹೇಳಲು ನಾಚಿಕೆಪಟ್ಟು ಎಷ್ಟೋ ಜನ ತಡ ಮಾಡುತ್ತಾರೆ. ಬೆನ್ನಿನ ಕೆಳಗಿನ ನರಗಳ ಗೊಂಚಲು ಒತ್ತಿಹೋಗಿರುವ ಸೂಚನೆ ಅದು. ತಡವಾದರೆ ಶಾಶ್ವತ ಹಾನಿಯಾಗಬಹುದು.

ಕೆಲವೇ ದಿನಗಳಲ್ಲಿ ವೈದ್ಯರ ಬಳಿಗೆ:

• ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವಂತಿಲ್ಲ. ಬೇಗ ಗೊತ್ತಾದರೆ ಔಷಧದಿಂದ ಗುಣವಾಗುತ್ತದೆ.
• ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ಬೆನ್ನು ನೋವು
• ಮಲಗಿದರೂ, ಹೇಗೆ ಹೊರಳಿದರೂ ಕಡಿಮೆಯಾಗದ ನೋವು
• ವಯಸ್ಸಾದವರಲ್ಲಿ, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಸಣ್ಣ ಕುಲುಕಾಟಕ್ಕೇ ಹಠಾತ್ತನೆ ಬಂದ ನೋವು
• 40 ವರ್ಷದೊಳಗೆ ಶುರುವಾಗಿ, ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಬಿಗಿತ ಇದ್ದು, ವಿಶ್ರಾಂತಿಯಿಂದ ಹೆಚ್ಚಾಗಿ ಓಡಾಡಿದಾಗ ಕಡಿಮೆಯಾಗುವ ನೋವು. ಇದು ಬೆನ್ನುಮೂಳೆಯ ಉರಿಯೂತದ ಸಂಧಿವಾತ ಇರಬಹುದು. ಇದಕ್ಕೆ ಬೇರೆಯದೇ ಔಷಧಗಳಿವೆ.

ಕೊನೆಯ ಮಾತು

ಬೆನ್ನು ನೋವಿನ ಫಾರ್ವರ್ಡ್‌ಗಳಲ್ಲಿ ಹೆಚ್ಚಿನವು "ಮಾಡಬೇಡಿ" ಎಂಬ ಪಟ್ಟಿಗಳು. ಬಗ್ಗಬೇಡಿ, ಎತ್ತಬೇಡಿ, ನಡೆಯಬೇಡಿ. ಅದನ್ನು ಪಾಲಿಸುತ್ತ ಪಾಲಿಸುತ್ತ ಮನುಷ್ಯ ಮೊದಲು ಹೊಲ ಬಿಡುತ್ತಾನೆ, ಆಮೇಲೆ ಅಂಗಡಿಗೆ ಹೋಗುವುದು ಬಿಡುತ್ತಾನೆ, ಕೊನೆಗೆ ಮೊಮ್ಮಗುವನ್ನು ಎತ್ತಿಕೊಳ್ಳುವುದನ್ನೂ ಬಿಡುತ್ತಾನೆ. ನೋವು ಮಾತ್ರ ಜೊತೆಗೇ ಉಳಿಯುತ್ತದೆ. ಅಪಾಯದ ಲಕ್ಷಣ ಇಲ್ಲ ಎಂದು ವೈದ್ಯರಿಂದ ಖಚಿತಪಡಿಸಿಕೊಂಡ ಮೇಲೆ, ಬಿಟ್ಟದ್ದನ್ನು ಒಂದೊಂದಾಗಿ, ಸ್ವಲ್ಪಸ್ವಲ್ಪವಾಗಿ ಮತ್ತೆ ಹಿಡಿಯುವುದೇ ಸರಿಯಾದ ದಾರಿ.

ಗ್ರೂಪಿಗೆ ಕಳಿಸುವುದಾದರೆ ಇಷ್ಟು ಕಳಿಸಿ: "ಹಳೆಯ ಬೆನ್ನು ನೋವಿಗೆ ಮಲಗಿರುವುದು ಮದ್ದಲ್ಲ. ದಿನಾ ಸ್ವಲ್ಪ ನಡೆಯಿರಿ, ಆಗಾಗ ಭಂಗಿ ಬದಲಿಸಿ, ಚೆನ್ನಾಗಿ ನಿದ್ದೆ ಮಾಡಿ, ನೋವಿನ ಮಾತ್ರೆ ತಾನಾಗಿ ನುಂಗಬೇಡಿ. ಮೂತ್ರದ ಹಿಡಿತ ತಪ್ಪಿದರೆ, ಕಾಲಿನ ಬಲ ಕುಂದಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ."